ವಾರದ ಮಧ್ಯಕ್ಕೇ ಗಂಟಲು ಕಟ್ಟುತ್ತದೆ, ಕಾಲು ಸೋಲುತ್ತದೆ: ಶಿಕ್ಷಕಿಯೊಬ್ಬರು ಶಾಲೆಯ ಹೊತ್ತಿನಲ್ಲೇ ಏನು ಮಾಡಿಕೊಳ್ಳಬಹುದು?

ನಮಸ್ಕಾರ ಮೇಡಂ. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಮೂರನೇ ತರಗತಿ ಸೇರಿಸಿ ನಲಿ-ಕಲಿ (ಮಕ್ಕಳು ಗುಂಪಾಗಿ ಕೂತು ಕಾರ್ಡು, ಚಟುವಟಿಕೆಗಳಿಂದ ಕಲಿಯುವ ಪದ್ಧತಿ), 38 ಮಕ್ಕಳು. ಗುರುವಾರದ ಹೊತ್ತಿಗೆ ದನಿ ಹೊರಡುವುದಿಲ್ಲ, ಬೆಳಗ್ಗೆ ಎದ್ದರೆ ಹಿಮ್ಮಡಿ ಊರಲಾಗುವುದಿಲ್ಲ, ಮಕ್ಕಳ ಮೇಲೆ ರೇಗಿಬಿಟ್ಟು ರಾತ್ರಿಯೆಲ್ಲ ಕೊರಗುತ್ತೀರಿ. ಐದು ಗಂಟೆಗೆ ಎದ್ದು ಯೋಗ ಮಾಡಿ ಎಂದು ಹೇಳುವವರಿಗೆ ನಿಮ್ಮ ಮನೆಯ ಬೆಳಗು ಗೊತ್ತಿಲ್ಲ, ಬೇರೆ ದಾರಿ ಇದೆಯೇ ಎಂದು ಕೇಳಿದ್ದೀರಿ.

ಇದೆ. ಶಾಲೆಯಲ್ಲಿ ಆಗುವ ಸವೆತವನ್ನು ಶಾಲೆಯಲ್ಲೇ ತಡೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ದಿನವಿಡೀ ಗಂಟಲು ಹರಿದುಕೊಂಡು ಸಂಜೆ ಕಷಾಯ ಕುಡಿದರೆ ಆದ ಪೆಟ್ಟು ಹೋಗುವುದಿಲ್ಲ. ಆದ್ದರಿಂದ ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ಮೊದಲ ಗಂಟೆಗೂ ಕೊನೆಯ ಗಂಟೆಗೂ ನಡುವೆ ಮಾಡುವಂಥದ್ದು.

ಮೊದಲು ಗಂಟಲು. ನಾವು ಮಾತಾಡುವಾಗ ಧ್ವನಿತಂತುಗಳೆರಡು ಒಂದಕ್ಕೊಂದು ತಾಗುತ್ತಲೇ ಇರುತ್ತವೆ: ಹೆಂಗಸರಲ್ಲಿ ಸೆಕೆಂಡಿಗೆ ಸುಮಾರು 200 ಸಲ, ಗಂಡಸರಲ್ಲಿ ಸುಮಾರು 120 ಸಲ. ಶಿಕ್ಷಕಿಯರಿಗೆ ಈ ತೊಂದರೆ ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ. ದನಿ ಏರಿಸಿದಷ್ಟೂ ತಾಗುವುದು ಬಿರುಸಾಗುತ್ತದೆ. ಮೊದಲು ಊದಿಕೊಳ್ಳುತ್ತದೆ, ವಿಶ್ರಾಂತಿಗೆ ಇಳಿಯುತ್ತದೆ. ಇಳಿಯುವ ಮೊದಲೇ ಮತ್ತೆ ಪೆಟ್ಟು ಬೀಳುತ್ತಿದ್ದರೆ, ಗುದ್ದಲಿ ಹಿಡಿದ ಅಂಗೈಯಲ್ಲಿ ಏಳುವಂತೆ ಅಲ್ಲಿ ಗಂಟು ಏಳುತ್ತದೆ. ಸೋಮವಾರ ಚೆನ್ನಾಗಿದ್ದ ದನಿ ಗುರುವಾರಕ್ಕೆ ಕಟ್ಟುತ್ತದೆ, ಭಾನುವಾರ ಕಳೆದರೆ ಸರಿಹೋಗುತ್ತದೆ ಎಂದರೆ ನೀವಿನ್ನೂ ಊತದ ಹಂತದಲ್ಲಿರುವ ಸಾಧ್ಯತೆ ಹೆಚ್ಚು. ಸುಧಾರಿಸಿಕೊಳ್ಳಲು ಇದು ಒಳ್ಳೆಯ ಕಾಲ.

ಗದ್ದಲದ ಮೇಲೆ ಮಾತಾಡುವುದನ್ನು ಬಿಡಿ. ಸುತ್ತ ಸದ್ದಿದ್ದರೆ ಮನುಷ್ಯರ ದನಿ ತಾನಾಗಿಯೇ ಏರುತ್ತದೆ, ಮಕ್ಕಳದ್ದೂ ಏರುತ್ತದೆ. ನೀವು ಕೂಗಿದಷ್ಟೂ ತರಗತಿ ಜೋರಾಗುವುದು ಇದೇ ಕಾರಣಕ್ಕೆ. ಬದಲಿಗೆ ಚಪ್ಪಾಳೆಯ ಒಂದು ತಾಳ ಗೊತ್ತುಮಾಡಿ: ಎರಡು ನಿಧಾನ, ಮೂರು ಬೇಗ. ನೀವು ತಟ್ಟಿದ್ದನ್ನು ಮಕ್ಕಳು ತಟ್ಟಿ ಕೈಕಟ್ಟಬೇಕು. ಇದು ಕೆಡುವುದು ಒಂದೇ ಕಡೆ: ಇನ್ನೂ ಐದಾರು ಮಕ್ಕಳು ಗುಸುಗುಸು ಎನ್ನುತ್ತಿರುವಾಗಲೇ ಮೇಡಂ ಮಾತು ಶುರುಮಾಡುತ್ತಾರೆ. ಹಾಗೆ ಮಾಡಿದರೆ ಚಪ್ಪಾಳೆಯ ಮೇಲೂ ಗದ್ದಲ ನಡೆಯುತ್ತದೆ ಎಂದು ಮಕ್ಕಳು ಎರಡೇ ದಿನಕ್ಕೆ ಕಲಿತುಬಿಡುತ್ತಾರೆ. ಪೂರ್ತಿ ನಿಶ್ಶಬ್ದವಾದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಿ, ಆಮೇಲೆ ಮಾತಾಡಿ, ಅದೂ ಮೆಲ್ಲಗೆ. ಮೊದಲ ವಾರ ಪ್ರತಿ ಸಲ ಒಂದು ನಿಮಿಷ ಹೋದರೂ ಹೋಗಲಿ.

ನಲಿ-ಕಲಿಯ ಕೊಠಡಿಯಲ್ಲಿ ನಿಮಗೆ ಇನ್ನೊಂದು ಅನುಕೂಲವಿದೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದ ತಟ್ಟೆಯಿಂದ (ಒಂದೊಂದು ಗುಂಪು ಕೂರುವ ಜಾಗಕ್ಕೆ ಇಲ್ಲಿ ತಟ್ಟೆ ಎನ್ನುತ್ತಾರೆ) ಸ್ವಕಲಿಕೆಯ ತಟ್ಟೆಯವರೆಗೆ ಮಕ್ಕಳು ಗುಂಪಾಗಿಯೇ ಕೂತಿರುತ್ತಾರೆ, ಇಡೀ ಕೊಠಡಿಗೆ ಕೇಳುವಂತೆ ಮಾತಾಡುವ ಅಗತ್ಯವೇ ಇಲ್ಲ. ಗಂಟಲು ಹಾಳಾಗುವುದು ಒಂದನೇ ತಟ್ಟೆಯ ಪಕ್ಕ ಕೂತು ಐದನೇ ತಟ್ಟೆಯವರನ್ನು ಗದರಿಸುವಾಗ. ಎದ್ದು ಹೋಗಿ, ಆ ಮಗುವಿನ ಕಿವಿಯ ಎತ್ತರಕ್ಕೆ ಬಗ್ಗಿ ಹೇಳಿ. ದೂರ ಅರ್ಧವಾದರೆ ಅಷ್ಟೇ ದನಿ ಸುಮಾರು 6 ಡೆಸಿಬಲ್ ಹೆಚ್ಚು ಕೇಳುತ್ತದೆ. ಅಷ್ಟನ್ನು ಗಂಟಲಿನಿಂದ ತೆಗೆಯುವುದು ಬಹಳ ದುಬಾರಿ.

ಎರಡು ನಿಮಿಷದ ಒಂದು ವ್ಯಾಯಾಮವನ್ನು ಮಾತ್ರ ತಪ್ಪಿಸಬೇಡಿ. ಅರ್ಧ ಲೋಟ ನೀರು, ಒಂದು ಸಾಧಾರಣ ಸ್ಟ್ರಾ. ಸ್ಟ್ರಾದ ತುದಿ ನೀರಿನಲ್ಲಿ 2 ಸೆಂಟಿಮೀಟರ್ ಮುಳುಗಿರಲಿ. ತುಟಿಯನ್ನು ಬಿಗಿಯಾಗಿ ಮುಚ್ಚಿ ‘ಊ’ ಎಂದು ದನಿ ಮಾಡುತ್ತ ಗುಳ್ಳೆ ಎಬ್ಬಿಸಿ. ಒಂದು ನಿಮಿಷ ಒಂದೇ ಶ್ರುತಿಯಲ್ಲಿ, ಇನ್ನೊಂದು ನಿಮಿಷ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸುತ್ತ. ಬಾಯಲ್ಲಿ ಗಾಳಿ ಒತ್ತಿ ನಿಲ್ಲುವುದರಿಂದ ತಂತುಗಳು ಜೋರಾಗಿ ಬಡಿಯದೆ ಮೆತ್ತಗೆ ತಾಗುತ್ತವೆ, ಬಿಗಿತ ಸಡಿಲುತ್ತದೆ. ಬರೀ ಗುಳ್ಳೆ ಬಂದು ದನಿ ಬರದಿದ್ದರೆ ಲಾಭವಿಲ್ಲ. ಗಂಟಲು ತ್ರಾಸಪಟ್ಟರೆ ಸ್ಟ್ರಾ ಹೆಚ್ಚು ಆಳಕ್ಕೆ ಹೋಗಿದೆ ಎಂದರ್ಥ, ಸ್ವಲ್ಪ ಮೇಲೆತ್ತಿ. ಬೆಳಗಿನ ಪ್ರಾರ್ಥನೆಗೆ ಮೊದಲು ಒಮ್ಮೆ (ನಾಡಗೀತೆಯನ್ನು ತಣ್ಣನೆಯ ಗಂಟಲಲ್ಲಿ ಎತ್ತರದ ಶ್ರುತಿಗೆ ಹಾಡುವುದೇ ದಿನದ ಮೊದಲ ಪೆಟ್ಟು), ಬಿಸಿಯೂಟ ಮುಗಿದ ಮೇಲೆ ಒಮ್ಮೆ, ಮಕ್ಕಳು ಮನೆಗೆ ಹೊರಟ ಮೇಲೆ ಒಮ್ಮೆ.

ದನಿ ಕಟ್ಟಿದಾಗ ಪಿಸುಗುಟ್ಟುವುದು ವಿಶ್ರಾಂತಿಯಲ್ಲ, ಅನೇಕರಲ್ಲಿ ಅದರಿಂದ ಬಿಗಿತ ಹೆಚ್ಚುತ್ತದೆ. ಮೆಲುದನಿಯಲ್ಲಿ ಮಾತಾಡಿ, ಇಲ್ಲವೇ ಸುಮ್ಮನಿರಿ. ಪದೇ ಪದೇ ಕ್ಯಾಕರಿಸುವುದೂ ತಂತುಗಳಿಗೆ ಪೆಟ್ಟೇ. ಒಂದು ಗುಟುಕು ನೀರು ನುಂಗಿ. ಪೆಪ್ಪರ್‌ಮೆಂಟು ಚೀಪಿದರೆ ತಂಪೆನಿಸಿ ನೋವು ಮರೆಯಾಗುತ್ತದೆ, ಆ ಭರವಸೆಯಲ್ಲಿ ಇನ್ನಷ್ಟು ಕೂಗುತ್ತೇವೆ. ರಾತ್ರಿ ತಡವಾಗಿ ಉಂಡು ಕೂಡಲೇ ಮಲಗುವವರಿಗೆ ಹೊಟ್ಟೆಯ ಹುಳಿ ಮೇಲೇರಿ ಬೆಳಗ್ಗೆ ಗಂಟಲು ಒರಟಾಗಿರುತ್ತದೆ. ಊಟಕ್ಕೂ ನಿದ್ದೆಗೂ ಎರಡು-ಮೂರು ಗಂಟೆ ಅಂತರವಿರಲಿ. ಡಸ್ಟರ್ ಬದಲು ಹಿಂಡಿದ ಒದ್ದೆ ಬಟ್ಟೆಯಲ್ಲಿ ಬೋರ್ಡ್ ಒರೆಸಿ, ಸೀಮೆಸುಣ್ಣದ ಪುಡಿ ಹಾರುವುದಿಲ್ಲ.

ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮೈಕ್ ಸೆಟ್ಟು ಕೊಳ್ಳಲು ಸಂಕೋಚಪಡಬೇಡಿ. ಇಡೀ ತರಗತಿಗೆ ಕಥೆ ಹೇಳುವಾಗ, ಬಯಲಿನಲ್ಲಿ ಆಟ ಆಡಿಸುವಾಗ ಅದು ಬಹಳ ಕೆಲಸಕ್ಕೆ ಬರುತ್ತದೆ. ಮೈಕ್ ಬಾಯಿಯ ಮುಂದೆ ಬೇಡ, ತುಟಿಯ ಮೂಲೆಯಿಂದ 2-3 ಸೆಂಟಿಮೀಟರ್ ಪಕ್ಕಕ್ಕಿರಲಿ. ಕುಂಯ್ ಎಂದು ಕೂಗಿದರೆ ಸ್ಪೀಕರ್ ಮೈಕಿನ ಕಡೆ ಮುಖಮಾಡಿದೆ, ಪಕ್ಕಕ್ಕೆ ಸರಿಸಿ. ನೀವು ಮನೆಯಲ್ಲಿ ಮಾತಾಡುವ ದನಿ ಹಿಂದಿನ ಗೋಡೆಯವರೆಗೆ ಮುಟ್ಟುವಷ್ಟು ವಾಲ್ಯೂಮ್ ಸಾಕು.

ಮೂರು ವಾರ ಕಳೆದರೂ ಒರಟು ಹೋಗದಿದ್ದರೆ ಇಎನ್‌ಟಿ ವೈದ್ಯರಿಂದ ತಂತುಗಳನ್ನು ನೋಡಿಸಲೇಬೇಕು. ಉಸಿರಿಗೆ ತೊಂದರೆ, ನುಂಗಲು ನೋವು, ಕಫದಲ್ಲಿ ರಕ್ತ ಇದ್ದರೆ ಒಂದು ದಿನವೂ ಕಾಯಬೇಡಿ. ಗಂಟು ಎಂದು ಹೇಳಿದರೂ ಹೆದರಬೇಕಿಲ್ಲ, ಹೆಚ್ಚಿನವು ಆಪರೇಷನ್ ಇಲ್ಲದೆ ಧ್ವನಿ ಚಿಕಿತ್ಸೆಯಿಂದಲೇ ಇಳಿಯುತ್ತವೆ. ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ಚಿಕಿತ್ಸೆ ಇದೆ.

ಇನ್ನು ನೀರು. ನೀವು ಬರೆಯದಿದ್ದರೂ ಕೇಳುತ್ತೇನೆ: ಶೌಚಾಲಯ ಸರಿಯಿಲ್ಲವೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದೀರಾ? ಎಷ್ಟೋ ಶಿಕ್ಷಕಿಯರು ಹಾಗೆ ಮಾಡುತ್ತಾರೆ. ಅದರಿಂದ ಉರಿಮೂತ್ರ, ಸೋಂಕು, ತಲೆನೋವು, ಮೇಲಿಂದ ಒಣಗಿದ ಗಂಟಲು. ಕುಡಿದ ನೀರು ಧ್ವನಿತಂತುಗಳನ್ನು ನೇರವಾಗಿ ತೋಯಿಸುವುದಿಲ್ಲ, ರಕ್ತದ ಮೂಲಕವೇ ಮುಟ್ಟಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಹಾಗಾಗಿ ಬಾಯಾರಿದ ಮೇಲೆ ಗಟಗಟ ಕುಡಿಯುವುದಕ್ಕಿಂತ ಬೆಳಗಿನಿಂದಲೇ ಗಂಟೆ-ಒಂದೂವರೆ ಗಂಟೆಗೊಮ್ಮೆ ಒಂದು ಲೋಟ ಒಳ್ಳೆಯದು. ಪ್ರತಿ ಬಿಡುವಿನಲ್ಲೂ ಶೌಚಕ್ಕೆ ಹೋಗಿ, ತಡೆದುಕೊಳ್ಳಬೇಡಿ. ಬಾಗಿಲ ಚಿಲಕ, ನೀರಿನ ಬಕೆಟ್ಟು, ಬೀಗದ ಕೈ ಎಲ್ಲಿರಬೇಕು ಎಂಬುದನ್ನು ಮುಖ್ಯಶಿಕ್ಷಕರ ಮುಂದೆ ನಾಚಿಕೆಯಿಲ್ಲದೆ ಹೇಳಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಬರೆಸಿ. ಇದು ಹೆಣ್ಣುಮಕ್ಕಳಿಗೂ ಬೇಕಾದ ಸೌಲಭ್ಯ, ಕೇಳುವುದು ನಿಮ್ಮ ಹಕ್ಕು.

ಹಿಮ್ಮಡಿಯ ನೋವು ಬೆಳಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗಳಲ್ಲೇ ಹೆಚ್ಚಿದ್ದು, ನಡೆದಾಡಿದಂತೆ ಕಡಿಮೆಯಾದರೆ ಅಂಗಾಲಿನ ಪಟ್ಟಿಯ ಉರಿಯೂತ ಇರಬಹುದು. ಏಳುವ ಮೊದಲೇ ಕಾಲು ಚಾಚಿ, ಟವೆಲನ್ನು ಅಂಗಾಲಿನ ಮುಂಭಾಗಕ್ಕೆ ಹಾಕಿ ನಿಮ್ಮ ಕಡೆಗೆ ಎಳೆದುಕೊಳ್ಳಿ: 30 ಸೆಕೆಂಡು, ಮೂರು ಸಲ. ಸಿಮೆಂಟು ನೆಲದ ಮೇಲೆ ಬರಿಗಾಲು ಬೇಡ, ಸವೆದ ತೆಳು ಹವಾಯಿ ಚಪ್ಪಲಿಯೂ ಬೇಡ. ಕೊಠಡಿಯೊಳಗೆ ಚಪ್ಪಲಿ ಹಾಕುವುದಿಲ್ಲವೆಂದಾದರೆ ಒಳಗೆ ಮಾತ್ರ ಮೆಟ್ಟುವ, ಹಿಮ್ಮಡಿ ದಪ್ಪಗಿರುವ ಬೇರೆ ಜೊತೆ ಇಟ್ಟುಕೊಳ್ಳಿ. ಬೋರ್ಡಿನ ಮುಂದೆ ನಿಂತಾಗ ಒಂದು ಕಾಲನ್ನು ಜಗಲಿಯ ಮೇಲಿಟ್ಟು, ಆಗಾಗ ಬದಲಿಸಿ. ಮಕ್ಕಳು ಬರೆದುಕೊಳ್ಳುವಾಗ ಮೇಜು ಹಿಡಿದು 15 ಸಲ ಹಿಮ್ಮಡಿ ಎತ್ತಿ ಇಳಿಸಿದರೆ ಕಾಲಿನಲ್ಲಿ ನಿಂತ ರಕ್ತ ಮೇಲೇರುತ್ತದೆ.

ಸಂಜೆಯನ್ನು ತಿನ್ನುವುದು ಪುಸ್ತಕ ತಿದ್ದುವ ಕೆಲಸ. ಲೆಕ್ಕ ಹಾಕಿ: 38 ಮಕ್ಕಳು, ಮೂರು ವಿಷಯ, ಪುಸ್ತಕಕ್ಕೆ ಎರಡೇ ನಿಮಿಷ ಎಂದರೂ ನಾಲ್ಕು ಗಂಟೆಯ ಹತ್ತಿರ ಬೇಕು. ದಿನಕ್ಕೆ ಎಂಟು ಮಕ್ಕಳನ್ನು ಹಾಜರಿ ಪುಸ್ತಕದ ಕ್ರಮದಲ್ಲಿ ಪಕ್ಕ ಕೂರಿಸಿಕೊಂಡು ತಿದ್ದಿ, ವಾರದಲ್ಲಿ ಎಲ್ಲರದ್ದೂ ಆಗುತ್ತದೆ. ಉಳಿದವರದ್ದನ್ನು ಓಡಾಡುತ್ತ ನೋಡಿ, ಹಲವರಲ್ಲಿ ಕಂಡ ಒಂದು ತಪ್ಪನ್ನು ಬೋರ್ಡಿನ ಮೇಲೆ ಬಿಡಿಸಿ ಹೇಳಿದರೆ ಸಾಕು. ಈ ವಯಸ್ಸಿನ ಮಗು ಮರುದಿನ ಬಂದ ಕೆಂಪು ಗೆರೆಯಿಂದ ಕಲಿಯುವುದಕ್ಕಿಂತ ಪಕ್ಕ ಕೂತಾಗ ಕಲಿಯುವುದೇ ಹೆಚ್ಚು.

ರೇಗುವ ವಿಷಯ. ಮಧ್ಯಾಹ್ನ ಊಟದ ನಂತರದ ಅವಧಿಯಲ್ಲೇ ಇದು ಹೆಚ್ಚಾಗಿ ಆಗುತ್ತದೆಯೇ ಗಮನಿಸಿ. ಹೌದಾದರೆ ಆ ಹೊತ್ತಿಗೆ ಹೊಸ ಪಾಠ ಇಡಬೇಡಿ: ಚಿತ್ರ, ಮಣ್ಣಿನ ಕೆಲಸ, ಓದುವ ಮೂಲೆ ಇಡಿ. ಕೋಪ ಬಂದಾಗ ನಾಲ್ಕು ಎಣಿಸುವಷ್ಟು ಉಸಿರೆಳೆದು, ಆರು ಎಣಿಸುವಷ್ಟು ನಿಧಾನ ಬಿಡಿ, ಮೂರು ಸಲ. ಆಗಲೂ ಬೈದುಬಿಟ್ಟರೆ ಮರುದಿನ ಬೆಳಗ್ಗೆ ಆ ಮಗುವನ್ನು ಹೆಸರು ಹಿಡಿದು ಕರೆದು, “ನಿನ್ನೆ ಜೋರು ಮಾಡಿಬಿಟ್ಟೆ ಕಂದಾ, ಬಾ, ಇವತ್ತು ಕಾರ್ಡು ಒಟ್ಟಿಗೆ ಓದೋಣ” ಎನ್ನಿ. ಅಷ್ಟಕ್ಕೇ ಮಗುವಿನ ಮುಖ ಅರಳುತ್ತದೆ, ನಿಮ್ಮ ಕೊರಗೂ ಮುಗಿಯುತ್ತದೆ.

ನಾನು ಒಳ್ಳೆಯ ಶಿಕ್ಷಕಿಯಲ್ಲ ಎಂದು ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ವಾರಕ್ಕೆ 45 ಗಂಟೆ ಎಂದಿರುವುದು ಪಾಠದ ಸಿದ್ಧತೆಯನ್ನೂ ಸೇರಿಸಿ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ ಎಂದು ಅದರ 27ನೇ ಕಲಮು ಹೇಳುತ್ತದೆ. ಮೊಟ್ಟೆ ಎಣಿಸಿ, ಹಾಲು ಹಂಚಿ, ಸ್ಯಾಟ್ಸ್‌ನಲ್ಲಿ (ಮಕ್ಕಳ ವಿವರ ದಾಖಲಿಸುವ ಇಲಾಖೆಯ ತಂತ್ರಾಂಶ) ಮಾಹಿತಿ ತುಂಬಿ, ಮೂರು ತರಗತಿ ಒಟ್ಟಿಗೆ ನಡೆಸುವವರಿಗೆ ಸುಸ್ತಾಗುವುದು ಅಸಾಮರ್ಥ್ಯವಲ್ಲ. ಪಾಠಯೋಜನೆಯ ಪುಸ್ತಕದ ಕೊನೆಯ ಪುಟದಲ್ಲಿ ದಿನಕ್ಕೊಂದು ಸಾಲು ಬರೆದಿಡಿ: ಯಾವ ಮಗುವಿಗೆ ಏನು ಬಂತು. ‘ಅಮ್ಮ’ ಎಂಬುದನ್ನು ‘ಅಮಮ’ ಎಂದೇ ಓದುತ್ತಿದ್ದ ಹುಡುಗ ಒತ್ತಕ್ಷರ ಹಿಡಿದು ಓದಿದ, ಹೀಗೆ. ‘ಪಾಠ ಚೆನ್ನಾಗಿ ಆಯಿತು’ ಎಂದು ಬರೆದರೆ ಉಪಯೋಗವಿಲ್ಲ, ಹೆಸರೂ ಕಲಿತದ್ದೂ ಇರಬೇಕು. ಮೌಲ್ಯಾಂಕನದ ಹೊತ್ತಿಗೂ ಆ ಪುಟ ಕೆಲಸಕ್ಕೆ ಬರುತ್ತದೆ.

ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಬಾರದೆ, ಯಾವುದರಲ್ಲೂ ಆಸಕ್ತಿಯಿಲ್ಲದೆ, ಶಾಲೆಯ ನೆನಪಾದರೇ ಎದೆ ಡವಗುಟ್ಟುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು-ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇದೆಲ್ಲವನ್ನೂ ಸೋಮವಾರವೇ ಶುರುಮಾಡಬೇಡಿ ಮೇಡಂ. ಮೊದಲ ವಾರ ಚಪ್ಪಾಳೆ ಮತ್ತು ನೀರು. ಎರಡನೇ ವಾರ ಸ್ಟ್ರಾ. ಹಿಮ್ಮಡಿಗೆ ಟವೆಲು ಮಾತ್ರ ನಾಳೆ ಬೆಳಗ್ಗೆಯಿಂದಲೇ. ಮೂರನೇ ವಾರದ ಗುರುವಾರ ದನಿ ಹೇಗಿದೆ ಎಂದು ಇಲ್ಲೇ ಬರೆಯಿರಿ, ಮೈಕ್ ಬೇಕೋ ಬೇಡವೋ ಆಗ ನೋಡೋಣ.