ಸೋತದ್ದರಿಂದಲೇ ಗೆದ್ದರೇ ಕಬ್ಸ್?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್ ತಂಡಗಳು ಮೂರು ನಾಲ್ಕು ವರ್ಷ ಬೇಕೆಂದೇ ಸೋತು, ಆಮೇಲೆ ಗೆಲ್ಲುವ ತಂಡ ಕಟ್ಟುತ್ತವೆ ಎಂದು ಓದಿದೆ. ಅದು ನಿಜವಾಗಿಯೂ ಫಲ ಕೊಡುತ್ತದೆಯೇ? ಅಭಿಮಾನಿಗಳು ಹೇಗೆ ಸಹಿಸುತ್ತಾರೆ? ನಮ್ಮ ಐಪಿಎಲ್ ತಂಡಗಳು ಏಕೆ ಹಾಗೆ ಮಾಡುವುದಿಲ್ಲ?

ಉತ್ತರ:

ನಾನು ಶಿಕಾಗೊಗೆ ಬಂದ ಮೇಲೆ ಬೇಸ್‌ಬಾಲ್ ಹಚ್ಚಿಕೊಂಡವನು. ಹಚ್ಚಿಕೊಂಡ ತಂಡ ಕಬ್ಸ್. ನೀವು ಕೇಳಿದ ಸಂಗತಿಯನ್ನು 2012ರಿಂದ 2016ರವರೆಗೆ ಹತ್ತಿರದಿಂದ ಕಂಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸೋತರೆ ತಂಡ ತಾನಾಗಿ ಬೆಳೆಯುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೇರೆಯವರು ಬೇಡವೆಂದು ಬಿಟ್ಟವರಲ್ಲಿ ಯಾರಿಗೆ ಕಸುವಿದೆ ಎಂದು ಗುರುತಿಸುವ ಕಣ್ಣು ಕಬ್ಸ್ ಆಡಳಿತಕ್ಕಿತ್ತು. ಸೋಲು ಆ ಕೆಲಸಕ್ಕೆ ಸಮಯ ಒದಗಿಸಿತು, ಅಷ್ಟೇ.

ಐಪಿಎಲ್ ವಿಚಾರವನ್ನು ಬೇಗ ಮುಗಿಸುತ್ತೇನೆ. ಅಲ್ಲಿ ಹರಾಜಿಗೆ ಎಲ್ಲ ತಂಡಗಳಿಗೂ ಒಂದೇ ಹಣದ ಮಿತಿ. ಕಡೆಯ ಸ್ಥಾನಕ್ಕೆ ಬಿದ್ದವರಿಗೆ ಯಾವ ರಿಯಾಯಿತಿಯೂ ಇಲ್ಲ. 2025ರಲ್ಲಿ ಕಪ್ ಎತ್ತುವ ಮೊದಲು ಆರ್‌ಸಿಬಿ ಬರಿಗೈಯಲ್ಲಿ ಮುಗಿಸಿದ 17 ಸೀಸನ್‌ಗಳು ಅದಕ್ಕೆ ಒಬ್ಬನೇ ಒಬ್ಬ ಆಟಗಾರನನ್ನೂ ಪುಕ್ಕಟೆ ತಂದುಕೊಡಲಿಲ್ಲ. ಬೇಸ್‌ಬಾಲ್‌ನ ಲೆಕ್ಕ ಬೇರೆ. ಪ್ರತಿ ವರ್ಷ ಹೈಸ್ಕೂಲು ಮತ್ತು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುತ್ತದೆ. ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ ಸಿಗುತ್ತಿತ್ತು. 2023ರಿಂದ ಮೊದಲ ಕೆಲವು ಸ್ಥಾನಗಳಿಗೆ ಲಾಟರಿ ಎತ್ತುತ್ತಾರೆ. ಬೇಕೆಂದೇ ಸೋಲುವವರನ್ನು ತಡೆಯಲೆಂದೇ ತಂದ ನಿಯಮ ಅದು. ಹಾಗೆ ಆರಿಸಿದ ಹುಡುಗ ಮರುದಿನವೇ ಮೈದಾನಕ್ಕೆ ಇಳಿಯುವುದಿಲ್ಲ. ಸಣ್ಣ ಊರುಗಳ ಮೈನರ್ ಲೀಗ್ ತಂಡಗಳಲ್ಲಿ ವರ್ಷಗಟ್ಟಲೆ ಆಡಿ ಪಳಗಬೇಕು. ಅಡಿಕೆ ಸಸಿ ನೆಟ್ಟು ಕೊನೆ ಕೊಯ್ಯಲು ಕಾಯುವವರಿಗೆ ಈ ಲೆಕ್ಕ ಬೇಗ ಅರ್ಥವಾದೀತು.

2011ರ ಅಕ್ಟೋಬರ್‌ನಲ್ಲಿ ಥಿಯೋ ಎಪ್‌ಸ್ಟೀನ್ ಕಬ್ಸ್ ಆಡಳಿತದ ಮುಖ್ಯಸ್ಥರಾಗಿ ಶಿಕಾಗೊಗೆ ಬಂದರು. ಬಾಸ್ಟನ್ ರೆಡ್ ಸಾಕ್ಸ್ ತಂಡದ 86 ವರ್ಷಗಳ ಬರವನ್ನು 2004ರಲ್ಲಿ ನೀಗಿಸಿದವರು ಅವರು. ಇಲ್ಲಿನ ಬರ ಇನ್ನೂ ದೊಡ್ಡದು. ವರ್ಲ್ಡ್ ಸೀರೀಸ್ ಎಂದರೆ ವರ್ಷದ ಕಿರೀಟ ಯಾರಿಗೆಂದು ನಿರ್ಧರಿಸುವ ಕೊನೆಯ ಸರಣಿ. ಕಬ್ಸ್ ಅದನ್ನು ಕೊನೆಯ ಬಾರಿಗೆ ಗೆದ್ದದ್ದು 1908ರಲ್ಲಿ, ಆಡಿದ್ದು 1945ರಲ್ಲಿ. ಎಪ್‌ಸ್ಟೀನ್ ಕೈಗೆ ಬಂದದ್ದು ಹಿಂದಿನ ಸೀಸನ್‌ನಲ್ಲಿ 91 ಪಂದ್ಯ ಸೋತಿದ್ದ, ದುಬಾರಿ ಒಪ್ಪಂದಗಳ ಭಾರ ಹೊತ್ತ ತಂಡ.

2012ರಲ್ಲಿ 101 ಸೋಲು, 2013ರಲ್ಲಿ 96, 2014ರಲ್ಲಿ 89. ಒಂದು ಸೀಸನ್ ಎಂದರೆ 162 ಪಂದ್ಯ ಎಂಬುದು ನಿಮಗೆ ನೆನಪಿರಲಿ. ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ಪ್ರತಿದಿನ ಆಟ. ಅಷ್ಟು ಸಲ ಸೋಲುವುದೆಂದರೆ ಬೇಸಿಗೆಯಿಡೀ ಸೋಲು. ಜುಲೈ ಬಂತೆಂದರೆ ಇನ್ನೊಂದು ಸಂಕಟ. ಆಟಗಾರರನ್ನು ಕೊಟ್ಟು ತೆಗೆದುಕೊಳ್ಳುವ ಗಡುವು ಆ ತಿಂಗಳ ಕೊನೆಗೆ ಬರುತ್ತದೆ. ತಂಡದಲ್ಲಿ ಚೆನ್ನಾಗಿ ಆಡುತ್ತಿರುವವನು ಯಾರೋ ಅವನನ್ನೇ, ಮುಂದೆ ಬೆಳೆಯಬಹುದಾದ ಹುಡುಗರಿಗೆ ಬದಲಾಗಿ ಕೊಟ್ಟುಬಿಡುತ್ತಾರೆ. ನಾನು ಅಂಗಿಯ ಮೇಲೆ ಯಾರದೇ ಹೆಸರು ಹಾಕಿಸಲು ಹಿಂಜರಿದ ವರ್ಷಗಳು ಅವು. ಆದರೂ ರಿಗ್ಲಿ ಫೀಲ್ಡ್‌ಗೆ ಹೋಗುತ್ತಿದ್ದೆ. 1914ರ ಮೈದಾನ, ಹಿಂದಿನ ಇಟ್ಟಿಗೆ ಗೋಡೆಯ ತುಂಬ ಹಸಿರು ಬಳ್ಳಿ, ಎದುರಿಗೆ ಬೀದಿಯ ಮನೆಗಳ ಮಹಡಿಗಳು. ಅಲ್ಲಿ ಕೂತರೆ ಸೋಲನ್ನೂ ನೋಡಬಹುದಿತ್ತು.

ನನ್ನಂಥವರನ್ನು ಆಗ ಹಿಡಿದಿಟ್ಟದ್ದು ಮೈನರ್ ಲೀಗ್‌ನ ಸುದ್ದಿ. ಬೆಳಿಗ್ಗೆ ಎದ್ದು ಕಬ್ಸ್ ಸ್ಕೋರ್ ನೋಡುವ ಮೊದಲು ಅಯೋವಾದ ಡೆ ಮೊಯ್ನ್‌ನಲ್ಲಿ, ಫ್ಲೋರಿಡಾದ ಡೇಟೋನಾದಲ್ಲಿ ಕಬ್ಸ್‌ನ ಮೈನರ್ ಲೀಗ್ ತಂಡಗಳಿಗೆ ಏನಾಯಿತೆಂದು ನೋಡುತ್ತಿದ್ದೆ. 2013ರ ಜೂನ್‌ನಲ್ಲಿ ಡೇಟೋನಾದಲ್ಲಿ ಹಾವಿಯರ್ ಬಾಯೆಸ್ ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ (ನಮ್ಮ ಸಿಕ್ಸರ್‌ನಂತೆ ಚೆಂಡು ಬೇಲಿ ದಾಟುವ ಹೊಡೆತ) ಹೊಡೆದ ಸುದ್ದಿ ಓದಿ ಇಡೀ ದಿನ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಸೋಲಿನಿಂದ ನೇರವಾಗಿ ಸಿಕ್ಕವರು ಯಾರು? 2012ರ ಸೋಲಿನ ಫಲ 2013ರ ಡ್ರಾಫ್ಟ್‌ನ ಎರಡನೆಯ ಆಯ್ಕೆ, ಕ್ರಿಸ್ ಬ್ರಯಾಂಟ್. ಮರುವರ್ಷ ನಾಲ್ಕನೆಯ ಆಯ್ಕೆಯಾಗಿ ಕೈಲ್ ಶ್ವಾರ್ಬರ್. ಬ್ರಯಾಂಟ್ ಸಿಕ್ಕದ್ದು ಕೂಡ ಮೊದಲ ಆಯ್ಕೆಯ ಹಕ್ಕಿದ್ದ ಹ್ಯೂಸ್ಟನ್ ಬೇರೊಬ್ಬನನ್ನು ಆರಿಸಿಕೊಂಡದ್ದರಿಂದ. ಬಾಯೆಸ್ ಮತ್ತು ವಿಲ್ಸನ್ ಕಾಂಟ್ರೇರಸ್ ಹಿಂದಿನ ಆಡಳಿತ ಬಿಟ್ಟುಹೋದ ಆಸ್ತಿ. ಉಳಿದವರ ಕಥೆಯೇ ಬೇರೆ.

ಜೇಕ್ ಅರಿಯೆಟಾ ಬಾಲ್ಟಿಮೋರ್‌ನಲ್ಲಿ ಹೊಡೆತ ತಿಂದು ತಿಂದು ಮತ್ತೆ ಮೈನರ್ ಲೀಗ್ ಸೇರಿದ್ದ ಪಿಚರ್, ಎಂದರೆ ಚೆಂಡು ಎಸೆಯುವವನು. 2013ರ ಜುಲೈನಲ್ಲಿ ಅವನನ್ನೂ ಪೇಡ್ರೊ ಸ್ಟ್ರೋಪ್‌ನನ್ನೂ ತಂದಾಗ, ಇದೇನು ವ್ಯಾಪಾರ ಎಂದು ಮೂಗು ಮುರಿದವರೇ ಹೆಚ್ಚು. ಶಿಕಾಗೊದಲ್ಲಿ ಅವನನ್ನು ಅವನ ಸಹಜ ಶೈಲಿಯಲ್ಲಿ ಎಸೆಯಲು ಬಿಟ್ಟರು. 2015ರಲ್ಲಿ 22 ಪಂದ್ಯ ಗೆದ್ದು, ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 1.77 ರನ್ ಮಾತ್ರ ಬಿಟ್ಟುಕೊಟ್ಟು, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ.

ಕೈಲ್ ಹೆಂಡ್ರಿಕ್ಸ್‌ನ ಕಥೆ ನನಗೆ ಇನ್ನೂ ಇಷ್ಟ. 2012ರಲ್ಲಿ ಹಿರಿಯ ಪಿಚರ್ ರಯಾನ್ ಡೆಂಪ್‌ಸ್ಟರ್‌ನನ್ನು ಅಟ್ಲಾಂಟಾಗೆ ಕಳಿಸಲು ಮಾತು ಮುಗಿದಿತ್ತು. ಆಟಗಾರನಿಗೆ ಒಲ್ಲೆ ಎನ್ನುವ ಹಕ್ಕಿತ್ತು, ಒಲ್ಲೆ ಎಂದ. ಗಡುವಿನ ದಿನ ಟೆಕ್ಸಸ್‌ಗೆ ಹೋಗಲು ಒಪ್ಪಿದ. ಆ ಬದಲಿಯಲ್ಲಿ ಬಂದವನು ಹೆಂಡ್ರಿಕ್ಸ್. ಎಂಟನೆಯ ಸುತ್ತಿನಲ್ಲಿ ಆಯ್ಕೆಯಾಗಿದ್ದ ಹುಡುಗ, ಗಂಟೆಗೆ 90 ಮೈಲಿ ವೇಗ ಮುಟ್ಟಲು ಒದ್ದಾಡುವ ತೋಳು. ವೇಗವೇ ಎಲ್ಲ ಎನ್ನುವ ಕಾಲದಲ್ಲಿ ಅವನು ಚೆಂಡನ್ನು ಬೇಕಾದ ಮೂಲೆಗೆ ಇಟ್ಟು ಬದುಕಿದ. 2016ರ ಅಕ್ಟೋಬರ್ 22ರಂದು ಲಾಸ್ ಏಂಜಲಿಸ್ ಡಾಜರ್ಸ್ ಎದುರು, ಕ್ಲೇಟನ್ ಕರ್ಶಾನಂಥ ಪಿಚರ್‌ಗೆ ಎದುರಾಗಿ, ಏಳು ಇನ್ನಿಂಗ್ಸ್ ದಾಟಿ ಎಸೆದು ಒಂದು ರನ್ನನ್ನೂ ಕೊಡಲಿಲ್ಲ. 71 ವರ್ಷಗಳ ನಂತರ ಕಬ್ಸ್ ವರ್ಲ್ಡ್ ಸೀರೀಸ್ ಬಾಗಿಲು ದಾಟಿತು. ಡೆಂಪ್‌ಸ್ಟರ್ ಮೊದಲ ಸಲ ಹೂಂ ಎಂದಿದ್ದರೆ? ಅದೃಷ್ಟದ ಪಾಲನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಟೆಕ್ಸಸ್ ಕೊಡಲು ಸಿದ್ಧವಿದ್ದ ಹುಡುಗರಲ್ಲಿ ಇವನನ್ನು ಕೇಳಿ ಪಡೆದದ್ದು ಅದೃಷ್ಟವಲ್ಲ.

ನವೆಂಬರ್ 2ರ ರಾತ್ರಿ ಕ್ಲೀವ್‌ಲ್ಯಾಂಡ್ ತಂಡದ ಎದುರು ಅವರದೇ ಊರಿನಲ್ಲಿ ವರ್ಲ್ಡ್ ಸೀರೀಸ್‌ನ ಏಳನೆಯ, ಕೊನೆಯ ಪಂದ್ಯ. ಎಂಟನೆಯ ಇನ್ನಿಂಗ್ಸ್‌ನಲ್ಲಿ ಕಬ್ಸ್ 6-3 ಮುಂದಿತ್ತು. ನಮ್ಮ ಅರೋಲ್ಡಿಸ್ ಚಾಪ್‌ಮನ್ ಎಸೆತಕ್ಕೆ ಕ್ಲೀವ್‌ಲ್ಯಾಂಡ್‌ನ ರಜಾಯ್ ಡೇವಿಸ್ ಎಡಗಡೆಯ ಬೇಲಿಯ ಮೇಲೆ ಹೋಮ್ ರನ್ ಹೊಡೆದಾಗ 6-6. ನನ್ನ ಜೊತೆ ನೋಡುತ್ತಿದ್ದ ಗೆಳೆಯ ಎದ್ದು ಅಡುಗೆಮನೆಗೆ ಹೋಗಿಬಿಟ್ಟ. ನಿಗದಿತ ಒಂಬತ್ತು ಇನ್ನಿಂಗ್ಸ್ ಸಮಬಲದಲ್ಲಿ ಮುಗಿದ ಮೇಲೆ 17 ನಿಮಿಷ ಮಳೆ. ಆ ವರ್ಷವಿಡೀ ಬ್ಯಾಟಿಂಗ್‌ನಲ್ಲಿ ಪರದಾಡಿದ್ದ ಜೇಸನ್ ಹೇವರ್ಡ್ ಆ ಹೊತ್ತಿನಲ್ಲಿ ಆಟಗಾರರನ್ನೆಲ್ಲ ಒಂದು ಕೋಣೆಗೆ ಸೇರಿಸಿ ಧೈರ್ಯ ತುಂಬಿದ.

ಹತ್ತನೆಯ ಇನ್ನಿಂಗ್ಸ್‌ನಲ್ಲಿ ಯಾರು ಯಾರು ಬಂದರು ನೋಡಿ. ಮೊದಲು ಶ್ವಾರ್ಬರ್, ಏಪ್ರಿಲ್‌ನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದು ಇಡೀ ಸೀಸನ್ ಹೊರಗಿದ್ದು, ವರ್ಲ್ಡ್ ಸೀರೀಸ್‌ಗೆಂದೇ ಮರಳಿದವನು. ಬಲಕ್ಕೆ ಹೊಡೆದು ಮೊದಲ ಬೇಸ್ ಸೇರಿದ (ಮೂರು ಬೇಸ್ ದಾಟಿ, ಹೊಡೆದ ಜಾಗಕ್ಕೆ, ಎಂದರೆ ಮನೆಗೆ, ಮರಳಿದರೆ ಒಂದು ರನ್). ಅವನ ಬದಲಿಗೆ ಓಡಲು ಇಳಿದವನು ಆಲ್ಬರ್ಟ್ ಅಲ್ಮೋರಾ, 2012ರಲ್ಲಿ ಎಪ್‌ಸ್ಟೀನ್ ಆಡಳಿತ ಶಿಕಾಗೊದಲ್ಲಿ ಮಾಡಿದ ಮೊಟ್ಟಮೊದಲ ಡ್ರಾಫ್ಟ್ ಆಯ್ಕೆ. ಬ್ರಯಾಂಟ್ ಹೊಡೆದ ಎತ್ತರದ ಚೆಂಡು ದೂರದಲ್ಲಿ ಕ್ಯಾಚ್ ಆಯಿತು. ಹೆಚ್ಚಿನವರು ಅರ್ಧ ದಾರಿ ಹೋಗಿ ನಿಂತು ನೋಡುವಲ್ಲಿ ಅಲ್ಮೋರಾ ಬೇಸ್‌ಗೆ ಮರಳಿ, ಕ್ಯಾಚ್ ಆದ ಕ್ಷಣ ಕಿತ್ತು ಎರಡನೆಯದಕ್ಕೆ ಓಡಿದ. ನನ್ನ ಪಾಲಿಗೆ ಇಡೀ ಸರಣಿಯ ಅತ್ಯುತ್ತಮ ಓಟ ಅದು. ಎದುರಾಳಿಗಳು ಆಂಟನಿ ರಿಜ್ಜೊಗೆ ಹೊಡೆಯುವ ಅವಕಾಶ ಕೊಡದೆ ಬೇಕೆಂದೇ ಮೊದಲ ಬೇಸ್‌ಗೆ ಕಳಿಸಿದರು. ಈ ರಿಜ್ಜೊ 2012ರ ಜನವರಿಯಲ್ಲಿ ಸ್ಯಾನ್ ಡಿಯೇಗೊದಿಂದ ಬದಲಿಯಾಗಿ ಬಂದವನು, ಹದಿಹರೆಯದಲ್ಲಿ ಕ್ಯಾನ್ಸರ್ ಗೆದ್ದವನು. ಆಮೇಲೆ ಹಣ ಕೊಟ್ಟು ತಂದ ಬೆನ್ ಜೋಬ್ರಿಸ್ಟ್ ಎಡಗಡೆಯ ಗೆರೆಗುಂಟ ಹೊಡೆದ ಚೆಂಡಿಗೆ ಅಲ್ಮೋರಾ ಮನೆ ಮುಟ್ಟಿದ. ಅರಿಜೋನಾದಿಂದ ಬದಲಿಯಾಗಿ ಬಂದಿದ್ದ ಮಿಗೆಲ್ ಮೊಂಟೇರೊ ಇನ್ನೊಂದು ರನ್ ತಂದ. 8-6. ಕೊನೆಗೆ 8-7.

ಆ ಒಂದು ಇನ್ನಿಂಗ್ಸ್‌ನಲ್ಲಿ ಐದು ವರ್ಷಗಳ ಕೆಲಸವೆಲ್ಲ ಕಣ್ಣೆದುರು ಹಾದುಹೋಯಿತು. ಡ್ರಾಫ್ಟ್ ಹುಡುಗರು ಇದ್ದರು, ನಿಜ. ಅವರಷ್ಟೇ ಇದ್ದಿದ್ದರೆ ಪಂದ್ಯ ಹತ್ತನೆಯ ಇನ್ನಿಂಗ್ಸ್ ತನಕ ಬರುತ್ತಿರಲಿಲ್ಲ.

ನನ್ನ ಮಾತಿಗೆ ಸಾಕ್ಷಿ ಇದೇ ಊರಿನಲ್ಲಿದೆ. ನಗರದ ದಕ್ಷಿಣ ಭಾಗದ ವೈಟ್ ಸಾಕ್ಸ್ ತಂಡ 2016ರ ಡಿಸೆಂಬರ್‌ನಲ್ಲಿ ಅದೇ ದಾರಿ ಹಿಡಿಯಿತು. ಒಳ್ಳೆಯ ಆಟಗಾರರನ್ನು ಕೊಟ್ಟು ಹೆಸರಾಂತ ಹುಡುಗರನ್ನು ತಂದರು, ವರ್ಷಗಟ್ಟಲೆ ಸೋತರು. 2020 ಮತ್ತು 2021ರಲ್ಲಿ ಪ್ಲೇಆಫ್ ತಲುಪಿದರು, ಎರಡೂ ಬಾರಿ ಮೊದಲ ಸುತ್ತಿನಲ್ಲೇ ಹೊರಬಿದ್ದರು. 2024ರಲ್ಲಿ 121 ಪಂದ್ಯ ಸೋತು ಆಧುನಿಕ ಬೇಸ್‌ಬಾಲ್‌ನ ದಾಖಲೆ ಬರೆದರು. ಆ ತಂಡದ ಅಭಿಮಾನಿಗಳು ಕಬ್ಸ್ ಅಭಿಮಾನಿಗಳಿಗಿಂತ ಕಡಿಮೆ ತಾಳ್ಮೆಯವರೇನಲ್ಲ. ಅವರ ತಾಳ್ಮೆಗೆ ಬೆಲೆ ಸಿಗಲಿಲ್ಲ, ಆ ಸಂಕಟ ನನಗೆ ಅರ್ಥವಾಗುತ್ತದೆ.

ಗೆದ್ದ ತಂಡದ ಎಲ್ಲವೂ ನನಗೆ ಒಪ್ಪಿಗೆ ಎಂದು ತಿಳಿಯಬೇಡಿ. 2015ರ ಪೂರ್ವಸಿದ್ಧತಾ ಪಂದ್ಯಗಳಲ್ಲಿ ಬ್ರಯಾಂಟ್ ಒಂಬತ್ತು ಹೋಮ್ ರನ್ ಹೊಡೆದರೂ ಅವನನ್ನು ಏಪ್ರಿಲ್ ಮಧ್ಯದವರೆಗೆ ಮೈನರ್ ಲೀಗ್‌ನಲ್ಲಿ ಇಟ್ಟರು. ಆ ಕೆಲವೇ ದಿನಗಳಿಂದ ತಂಡಕ್ಕೆ ಅವನ ಮೇಲೆ ಇನ್ನೊಂದು ವರ್ಷದ ಹಿಡಿತ ಸಿಕ್ಕಿತು. ಅವನು ಸಲ್ಲಿಸಿದ ದೂರು 2020ರಲ್ಲಿ ತಿರಸ್ಕೃತವಾಯಿತು. ನಿಯಮದ ಪ್ರಕಾರ ಸರಿ ಇರಬಹುದು, ನ್ಯಾಯವೆಂದು ನನಗೆ ಇಂದಿಗೂ ಅನಿಸುವುದಿಲ್ಲ. ಕೌಟುಂಬಿಕ ಹಿಂಸೆಯ ನಿಯಮದಡಿ ಲೀಗ್‌ನಿಂದ 30 ಪಂದ್ಯಗಳ ಅಮಾನತಿಗೆ ಒಳಗಾಗಿದ್ದ ಚಾಪ್‌ಮನ್‌ನನ್ನು ಅದೇ ವರ್ಷ ತಂದದ್ದೂ ನನ್ನ ಮನಸ್ಸಿಗೆ ಹಿಡಿಸಲಿಲ್ಲ.

ಅಭಿಮಾನಿಗಳು ಹೇಗೆ ಸಹಿಸಿದರು ಎಂದು ಕೇಳಿದ್ದೀರಿ. 2016ರ ಆ ದಿನಗಳಲ್ಲಿ ರಿಗ್ಲಿಯ ಹೊರಗೋಡೆಯ ಮೇಲೆ ಜನ ಸೀಮೆಸುಣ್ಣದಲ್ಲಿ ಹೆಸರು ಬರೆಯತೊಡಗಿದರು. ಈ ಗೆಲುವನ್ನು ನೋಡದೆ ತೀರಿಕೊಂಡ ಅಪ್ಪ, ಅಜ್ಜಿ, ಅಣ್ಣಂದಿರ ಹೆಸರುಗಳು. ಕೈಗೆ ಎಟುಕುವಷ್ಟು ಎತ್ತರದವರೆಗೆ ಇಟ್ಟಿಗೆಗಳೆಲ್ಲ ತುಂಬಿದ ಮೇಲೆ, ಭುಜದ ಮೇಲೆ ಕೂರಿಸಿದ ಮಕ್ಕಳ ಕೈಯಲ್ಲಿ ಇನ್ನೂ ಮೇಲೆ ಬರೆಸುತ್ತಿದ್ದರು. ಅಪ್ಪನ ಪಕ್ಕ ಕೂತು ಸೋಲು ನೋಡಿ ಬೆಳೆದವರಿಗೆ ಮೂರು ವರ್ಷ ಹೆಚ್ಚೇನೂ ಅನಿಸಲಿಲ್ಲ. ಹೊರಗಿನಿಂದ ಬಂದ ನನಗೆ ಆ ಸಹನೆ ಅವರಿಂದ ಬಂತು.

ಮುಂದೆ ಇನ್ನೂ ಕಪ್‌ಗಳು ಬರುತ್ತವೆಂದು ನಂಬಿದ್ದೆವು, ಬರಲಿಲ್ಲ. 2021ರ ಜುಲೈ ಕೊನೆಗೆ ರಿಜ್ಜೊ, ಬಾಯೆಸ್, ಬ್ರಯಾಂಟ್ ಮೂವರನ್ನೂ ಸುಮಾರು ಒಂದು ದಿನದೊಳಗೆ ಕೊಟ್ಟುಬಿಟ್ಟರು. ಆ ವಾರ ನಾನು ಪಂದ್ಯ ನೋಡಲಿಲ್ಲ. ಆದರೆ ಬಾಯೆಸ್‌ಗೆ ಬದಲಾಗಿ ನ್ಯೂಯಾರ್ಕ್ ಮೆಟ್ಸ್‌ನಿಂದ ಬಂದವನು ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್, ಭುಜದ ಶಸ್ತ್ರಚಿಕಿತ್ಸೆಯಾಗಿ ಆಟದಿಂದ ದೂರವಿದ್ದ 19 ವರ್ಷದ ಹುಡುಗ. 2025ರಲ್ಲಿ ಅವನು 31 ಹೋಮ್ ರನ್ ಹೊಡೆದ, ಹೊಡೆತಕ್ಕೆ ಕಾಯದೆ ಓಡಿ 35 ಬೇಸ್ ಕದ್ದ, ಕಬ್ಸ್ 92 ಪಂದ್ಯ ಗೆದ್ದು ಪ್ಲೇಆಫ್ ಸೇರಿತು. ಆದ್ದರಿಂದ ಯಾವುದಾದರೂ ತಂಡ ಮರುನಿರ್ಮಾಣದಲ್ಲಿದೆ ಎಂದು ಕೇಳಿದರೆ ಸೋಲುಗಳ ಸಂಖ್ಯೆಯನ್ನು ಬಿಟ್ಟು, ಜುಲೈ ಕೊನೆಯಲ್ಲಿ ಯಾರನ್ನು ಕೊಟ್ಟು ಯಾರನ್ನು ತಂದರು ಎಂದು ನೋಡಿ. ಆ ಹುಡುಗರು ಮೈನರ್ ಲೀಗ್‌ನಲ್ಲಿ ಹೇಗೆ ಆಡುತ್ತಿದ್ದಾರೆಂದು ಒಂದೆರಡು ವರ್ಷ ಹಿಂಬಾಲಿಸಿ. ನಿಮ್ಮ ತಂಡ ಯಾವುದೆಂದು ತಿಳಿಸಿದರೆ ಅಲ್ಲಿನ ಹುಡುಗರ ಬಗ್ಗೆ ನನಗೆ ಗೊತ್ತಿರುವಷ್ಟನ್ನು ಸಂತೋಷದಿಂದ ಬರೆಯುತ್ತೇನೆ.