ವೀಗನ್ ಅಡುಗೆಮನೆಯಲ್ಲಿ ಇಂಟರ್ನ್ ಆಗುವ ಮುನ್ನ

ಹೋಟೆಲ್ ಮ್ಯಾನೇಜ್‌ಮೆಂಟ್ ಓದು ಮುಗಿಸಿ ಹೊರದೇಶಕ್ಕೆ ಹೊರಟಿರುವ ನೀವು, ಉನ್ನತ ದರ್ಜೆಯ ವೀಗನ್ (ಪ್ರಾಣಿಜನ್ಯವಾದುದೇನನ್ನೂ ಬಳಸದ) ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಕೆಲವು ತಿಂಗಳು ಇಂಟರ್ನ್ ಆಗಿ ದುಡಿದರೆ ಪ್ರಯೋಜನವಿದೆಯೇ, ಸಂಬಳವಿಲ್ಲದೆ ಒಪ್ಪಿಕೊಳ್ಳಬಹುದೇ, ಹುಟ್ಟಿನಿಂದ ಸಸ್ಯಾಹಾರಿಯಾದ ನಿಮಗೆ ಆ ಕೆಲಸ ಸುಲಭವಾದೀತೇ ಎಂದು ಕೇಳಿದ್ದೀರಿ. ಇಂಥ ಅಡುಗೆಮನೆಗಳಲ್ಲೇ ದುಡಿದು ಪರದೇಶದಲ್ಲಿ ನೆಲೆ ಕಂಡುಕೊಂಡವನಾದ್ದರಿಂದ ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಮಿಕ್ಕ ಎರಡಕ್ಕೂ ಉತ್ತರ ಅದರಲ್ಲೇ ಇದೆ.

ಸುಲಭವಾಗುವುದಿಲ್ಲ. ತರಕಾರಿ, ಕಾಳುಗಳ ಒಡನಾಟ ನಿಮಗಿದೆ ಎಂಬುದು ನಿಜ. ಆದರೆ ಹಾಲು, ಬೆಣ್ಣೆ, ಕೆನೆ, ಜೇನು ಯಾವುದನ್ನೂ ಮುಟ್ಟದೆ, ಒಂದಾದ ಮೇಲೊಂದರಂತೆ ಹತ್ತಾರು ಸಣ್ಣ ತಟ್ಟೆಗಳನ್ನು ಪ್ರತಿ ರಾತ್ರಿಯೂ ಒಂದೇ ರುಚಿಯಲ್ಲಿ, ಒಂದೇ ರೂಪದಲ್ಲಿ ಹೊರಗೆ ಕಳುಹಿಸುವುದು ಬೇರೆಯದೇ ಶಿಸ್ತು. ಪಾಶ್ಚಾತ್ಯ ಪಾಕಶಾಲೆಯಲ್ಲಿ ಸಾಸಿಗೆ ಹೊಳಪು ಕೊಡುವುದು ಬೆಣ್ಣೆ, ಹಿಟ್ಟನ್ನು ಹಿಡಿದಿಟ್ಟು ಉಬ್ಬಿಸುವುದು ಮೊಟ್ಟೆ, ಸಿಹಿತಿನಿಸನ್ನು ಗಟ್ಟಿಯಾಗಿಸುವುದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್, ಎಲ್ಲದರ ತಳದಲ್ಲಿ ರುಚಿಯ ಬುನಾದಿ ಹಾಕುವುದು ಮೂಳೆ ಬೇಯಿಸಿ ಸೋಸಿದ ರಸ, ಅಂದರೆ ಸ್ಟಾಕ್. ಇವೆಲ್ಲವನ್ನೂ ಹೊರಗಿಟ್ಟ ಮೇಲೆ ಅವು ಮಾಡುತ್ತಿದ್ದ ಕೆಲಸವನ್ನು ಮನುಷ್ಯರ ಕೈ ಮತ್ತು ಸಮಯ ಮಾಡಬೇಕಾಗುತ್ತದೆ. ಇಂಥ ಅಡುಗೆಮನೆಗಳಿಗೆ ಇಂಟರ್ನ್‌ಗಳ ಅಗತ್ಯ ಅಷ್ಟೊಂದು ಇರುವುದಕ್ಕೂ, ನಿಮ್ಮ ಪಾಲಿಗೆ ಬರುವ ಕೆಲಸ ಅಷ್ಟೊಂದು ಬೇಸರದ್ದಾಗಿ ಕಾಣುವುದಕ್ಕೂ ಕಾರಣ ಇದೇ.

ಅಣಬೆಯ ಸ್ಟಾಕನ್ನೇ ನೋಡಿ. ಬೆಳಿಗ್ಗೆ ಕ್ರೇಟುಗಟ್ಟಲೆ ಬಂದ ಅಣಬೆಯನ್ನು ಬ್ರಷ್ಷಿನಿಂದ ಒರೆಸಿ, ಒಂದೇ ದಪ್ಪಕ್ಕೆ ಹೆಚ್ಚಿ, ಒಂದರ ಮೇಲೊಂದು ಬೀಳದಂತೆ ಟ್ರೇಗಳಲ್ಲಿ ಹರಡಬೇಕು. ಒತ್ತೊತ್ತಾಗಿ ಹರಡಿದರೆ ಅವು ತಾವೇ ಬಿಟ್ಟ ನೀರಿನಲ್ಲಿ ಬೆಂದು ಮೆತ್ತಗಾಗುತ್ತವೆಯೇ ಹೊರತು ಕೆಂಪಗೆ ಹುರಿಯುವುದಿಲ್ಲ. ಕೆಂಪಗೆ ಹುರಿಯದಿದ್ದರೆ ಆ ದಿನದ ಸಾಸ್ ಸಪ್ಪೆ. ಓವನ್ನಿನಿಂದ ತೆಗೆದ ಟ್ರೇಯ ತಳದಲ್ಲಿ ಹತ್ತಿಕೊಂಡಿರುವ ಕಪ್ಪುಗೆಂಪು ಅಂಟನ್ನು ಸ್ವಲ್ಪ ನೀರು ಹಾಕಿ ಕೆರೆದು ಪಾತ್ರೆಗೆ ಸೇರಿಸಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟು, ಸೋಸಿ, ಮತ್ತೆ ಬತ್ತಿಸಬೇಕು. ಬೆಳಿಗ್ಗೆ ದೊಡ್ಡ ಪಾತ್ರೆಯ ಕಂಠದವರೆಗೆ ಇದ್ದದ್ದು ಸಂಜೆಗೆ ಒಂದು ಸಣ್ಣ ಡಬ್ಬಿಯಷ್ಟಾಗುತ್ತದೆ, ಅತಿಥಿಯ ತಟ್ಟೆಗೆ ಹೋಗುವುದು ಅದರಲ್ಲಿ ಒಂದೇ ಚಮಚ. ಆ ಚಮಚದ ರುಚಿ ಕೆಟ್ಟರೆ ಅದಕ್ಕೆ ಕಾರಣ ಬಹುಮಟ್ಟಿಗೆ ಬೆಳಿಗ್ಗೆ ಟ್ರೇಯ ಮುಂದೆ ನಿಂತ ಇಂಟರ್ನ್‌ನ ಆತುರವೇ ಆಗಿರುತ್ತದೆ.

ಇದರ ಹಿಂದೆ ವಿಜ್ಞಾನವೂ ಇದೆ, ಅದನ್ನು ಓದಿಕೊಂಡು ಹೋದರೆ ಒಳ್ಳೆಯದು. ಕೊಂಬು ಎಂಬ ಕಡಲಸಸ್ಯದ ರುಚಿಗೆ ಗ್ಲುಟಮೇಟ್ ಎಂಬ ಪದಾರ್ಥ ಕಾರಣವೆಂದು ಜಪಾನಿನ ಕಿಕುನೇ ಇಕೇಡ 1908ರಲ್ಲಿ ಕಂಡುಕೊಂಡರು. ಒಣಗಿಸಿದ ಶೀಟಾಕೆ ಅಣಬೆಯಲ್ಲಿರುವ ಗ್ವಾನಿಲೇಟ್ ಎಂಬ ಇನ್ನೊಂದು ರುಚಿಕಾರಕ ಅದರೊಡನೆ ಸೇರಿದಾಗ ಎರಡನ್ನೂ ಬೇರೆಬೇರೆಯಾಗಿ ಬಳಸಿದಾಗಿನದಕ್ಕಿಂತ ರುಚಿ ಎಷ್ಟೋ ಪಟ್ಟು ಹೆಚ್ಚುತ್ತದೆ, ಹಾಗಾಗಿಯೇ ಮಾಂಸವಿಲ್ಲದ ಸ್ಟಾಕುಗಳಲ್ಲಿ ಈ ಜೋಡಿ ಮತ್ತೆಮತ್ತೆ ಕಾಣಿಸುತ್ತದೆ. ಕಡಲೆಕಾಳು ಬೇಯಿಸಿದ ನೀರು ಮೊಟ್ಟೆಯ ಬಿಳಿಯಂತೆ ನೊರೆಗಟ್ಟುತ್ತದೆ ಎಂಬುದು ವೀಗನ್ ಬಾಣಸಿಗರ ನಡುವೆ ಹರಡಿದ್ದು 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ಅವರ ಪ್ರಯೋಗಗಳ ನಂತರ. ಜೆಲಟಿನ್ನಿನ ಬದಲು ಕಡಲಸಸ್ಯದಿಂದ ತೆಗೆದ ಅಗರ್ ಬಳಸುವುದು ಹಳೆಯ ಸಂಗತಿಯಾದರೂ ಅದು ನೇರ ಬದಲಿಯಲ್ಲ: ಜೆಲಟಿನ್ ಬಾಯಿಯ ಶಾಖಕ್ಕೇ ಕರಗುತ್ತದೆ, ಅಗರ್ ಸುಮಾರು 85 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಕರಗುವುದೇ ಇಲ್ಲ, ಆದ್ದರಿಂದ ಬಾಯಲ್ಲಿ ಪುಡಿಪುಡಿಯಾಗುತ್ತದೆ. ಅನುಭವಿ ಬಾಣಸಿಗರು ಗಟ್ಟಿಯಾದ ಅಗರನ್ನು ಮತ್ತೆ ಮಿಕ್ಸಿಯಲ್ಲಿ ತಿರುವಿ ನುಣುಪಾದ ಜೆಲ್ ಮಾಡಿಕೊಳ್ಳುವುದು ಅದಕ್ಕಾಗಿಯೇ. ಇನ್ನು ಹುದುಗಿಸುವ ಜಾಡಿಗಳಿದ್ದರೆ, ತರಕಾರಿಯ ತೂಕದ ಶೇ 2ರಷ್ಟು ಉಪ್ಪನ್ನು ತಕ್ಕಡಿಯಲ್ಲಿ ತೂಗಿ ಹಾಕುವುದೇ ನಿಮಗೆ ಕೊಡುವ ಮೊದಲ ಜವಾಬ್ದಾರಿಯಾಗಿರಬಹುದು. ಅಲ್ಲಿ ಕೈಯಳತೆಗೆ ಬೆಲೆಯಿಲ್ಲ.

ಹೀಗಾಗಿ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ: ನೀವು ಹೆಚ್ಚಿದ್ದು, ಸೋಸಿದ್ದು, ತೂಗಿದ್ದು ಯಾವ ತಟ್ಟೆಗೆ ಹೋಗುತ್ತದೆ ಎಂದು ತೋರಿಸಿ, ಅದರ ರುಚಿಯನ್ನು ನಿಮಗೂ ನೋಡಲು ಕೊಡುವ ಅಡುಗೆಮನೆಯಾದರೆ ಮೂರು ತಿಂಗಳಲ್ಲಿ ಬಹಳಷ್ಟನ್ನು ಕಲಿಯುತ್ತೀರಿ. ನೆಲಮಾಳಿಗೆಯ ಮೂಲೆಯೊಂದರಲ್ಲಿ ನಿಲ್ಲಿಸಿ, ಸೊಪ್ಪಿನ ಎಲೆ ಬಿಡಿಸುವುದನ್ನೇ ಕೊನೆಯ ದಿನದವರೆಗೂ ಮಾಡಿಸುವ ಜಾಗವಾದರೆ, ಬಾಗಿಲ ಮೇಲೆ ಎಂಥ ದೊಡ್ಡ ಹೆಸರಿದ್ದರೂ ನೀವು ಕೊಟ್ಟಿದ್ದೇ ಹೆಚ್ಚು, ಪಡೆದದ್ದು ಕಡಿಮೆ. ಸಂಬಳದ ಬಾಣಸಿಗರಿಗಿಂತ ಇಂಟರ್ನ್‌ಗಳ ಸಂಖ್ಯೆಯೇ ಹೆಚ್ಚಿರುವ ಅಡುಗೆಮನೆಯನ್ನು ನಾನಂತೂ ಯಾರಿಗೂ ಶಿಫಾರಸು ಮಾಡುವುದಿಲ್ಲ.

ಸಂಬಳದ ವಿಷಯಕ್ಕೆ ಬರೋಣ. ಹೆಸರಾಂತ ಅಡುಗೆಮನೆಗಳಲ್ಲಿ ಪುಕ್ಕಟೆ ದುಡಿಯುವುದು ಬಹುಕಾಲದ ರೂಢಿಯಾಗಿತ್ತು. ಕೋಪನ್‌ಹೇಗನ್ನಿನ ಹೆಸರಾಂತ ರೆಸ್ಟೋರೆಂಟ್ ನೋಮಾ ತನ್ನ ಇಂಟರ್ನ್‌ಗಳಿಗೆ ಸಂಬಳ ಕೊಡಲಾರಂಭಿಸಿದ್ದು 2022ರ ಅಕ್ಟೋಬರ್‌ನಲ್ಲಷ್ಟೇ. ಕೆಲವೇ ತಿಂಗಳ ನಂತರ, ದಿನನಿತ್ಯದ ರೆಸ್ಟೋರೆಂಟಾಗಿ ಮುಂದುವರಿಯುವುದಿಲ್ಲವೆಂದು ಅದು ಪ್ರಕಟಿಸಿತು. ನೀವು ಅರ್ಜಿ ಹಾಕಿರುವ ದೇಶಗಳ ನಿಯಮಗಳು ಒಂದೇ ತೆರನಾಗಿಲ್ಲ. ಜರ್ಮನಿಯಲ್ಲಿ ಓದುತ್ತಿರುವಾಗ ಮಾಡುವ ಸ್ವಇಚ್ಛೆಯ ಇಂಟರ್ನ್‌ಶಿಪ್ ಮೂರು ತಿಂಗಳನ್ನು ಮೀರಿದರೆ ಕನಿಷ್ಠ ವೇತನ ಕೊಡಲೇಬೇಕು, ಕಾಲೇಜಿನ ಪಠ್ಯಕ್ರಮದ ಕಡ್ಡಾಯ ಭಾಗವಾಗಿದ್ದರೆ ಆ ಹಕ್ಕು ಇರುವುದಿಲ್ಲ. ಫ್ರಾನ್ಸಿನಲ್ಲಿ ಕಾಲೇಜು, ರೆಸ್ಟೋರೆಂಟು ಮತ್ತು ವಿದ್ಯಾರ್ಥಿ ಮೂವರೂ ಸಹಿ ಮಾಡಿದ ಒಪ್ಪಂದವಿಲ್ಲದೆ ಇಂಟರ್ನ್‌ಶಿಪ್ ನಡೆಯುವುದಿಲ್ಲ, ಎರಡು ತಿಂಗಳು ಮೀರಿದರೆ ಭತ್ಯೆ ಕಡ್ಡಾಯ. ಓದು ಮುಗಿಸಿರುವ ನಿಮಗೆ ಇದೇ ಮೊದಲ ತೊಡಕಾದೀತು. ಬ್ರಿಟನ್ನಿಗೆ ವಿಸಿಟರ್ ವೀಸಾದಲ್ಲಿ ಹೋದವರು ಸಂಬಳ ಪಡೆಯಲಿ, ಬಿಡಲಿ, ಅಲ್ಲಿನ ಸಂಸ್ಥೆಗೆ ದುಡಿಯುವಂತಿಲ್ಲ. ಅಮೆರಿಕದಲ್ಲಿ ಇಂಥ ತರಬೇತಿಗೆಂದೇ ಜೆ-1 ವೀಸಾ ಇದೆ. 'ಪ್ರವಾಸಿಯಾಗಿ ಬನ್ನಿ, ಹಣ ಕೊಡುವುದಿಲ್ಲವಾದ್ದರಿಂದ ಯಾರೂ ಕೇಳುವುದಿಲ್ಲ' ಎಂದು ಯಾವ ಶೆಫ್ ಹೇಳಿದರೂ ನಂಬಬೇಡಿ. ಸಿಕ್ಕಿಬಿದ್ದರೆ ಮುಂದಿನ ವೀಸಾ ಅರ್ಜಿಗಳಲ್ಲೆಲ್ಲ ತೊಂದರೆ ಅನುಭವಿಸುವವರು ನೀವು, ಅವರಲ್ಲ.

ವೀಗನ್ ಎಂಬ ಹಣೆಪಟ್ಟಿಯನ್ನು ನೋಡಿ ಜಾಗ ಆರಿಸಬೇಡಿ ಎಂಬ ಮಾತನ್ನೂ ಇಲ್ಲೇ ಹೇಳಬೇಕು. ಫ್ರಾನ್ಸಿನಲ್ಲಿ ಮಿಶೆಲಿನ್ ತಾರೆ (ರೆಸ್ಟೋರೆಂಟುಗಳಿಗೆ ಮಿಶೆಲಿನ್ ಕೈಪಿಡಿ ಕೊಡುವ ದರ್ಜೆ) ಪಡೆದ ಮೊದಲ ವೀಗನ್ ರೆಸ್ಟೋರೆಂಟ್ ಎನಿಸಿಕೊಂಡ, ಕ್ಲೇರ್ ವಲೇ ಅವರ ಓನಾ ಆ ಗೌರವಕ್ಕೆ ಪಾತ್ರವಾದದ್ದು 2021ರ ಜನವರಿಯಲ್ಲಿ, ಬಾಗಿಲು ಮುಚ್ಚಿದ್ದು 2022ರಲ್ಲಿ. ನ್ಯೂಯಾರ್ಕಿನ ಇಲೆವೆನ್ ಮ್ಯಾಡಿಸನ್ ಪಾರ್ಕ್ 2021ರ ಜೂನ್‌ನಲ್ಲಿ ಮಾಂಸವನ್ನು ಕೈಬಿಟ್ಟು, ಮೂರು ತಾರೆಗಳನ್ನು ಉಳಿಸಿಕೊಂಡೂ, 2025ರಲ್ಲಿ ಮತ್ತೆ ಮಾಂಸವನ್ನು ಮೆನುವಿಗೆ ತಂದಿತು. ನಿಮ್ಮ ನಿಯಮಕ್ಕೆ ಮಾಂಸ ಮುಟ್ಟುವುದು ಸಲ್ಲದಾದರೆ, ಮೆನು ಬದಲಾಗುವ ಯೋಚನೆ ಇದೆಯೇ ಎಂದು ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ.

ಭಾಷೆಯ ಬಗ್ಗೆ ಅಷ್ಟು ಹೆದರಬೇಕಿಲ್ಲ. ಹಿಂದಿನಿಂದ ಹಾಯುವಾಗ 'ಬಿಹೈಂಡ್', ತಿರುವಿನಲ್ಲಿ 'ಕಾರ್ನರ್', ಬಿಸಿ ಪಾತ್ರೆ ಹಿಡಿದಾಗ 'ಹಾಟ್' ಎಂದು ಗಟ್ಟಿಯಾಗಿ ಕೂಗುವುದು, ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆಂದು ತಿಳಿಸಲು 'ಯೆಸ್ ಶೆಫ್' ಎನ್ನುವುದು, ಪ್ರತಿ ಡಬ್ಬಿಗೂ ಕತ್ತರಿಯಿಂದ ನೇರವಾಗಿ ಕತ್ತರಿಸಿದ ಟೇಪು ಅಂಟಿಸಿ ಹೆಸರು, ದಿನಾಂಕ ಬರೆಯುವುದು, ಇಷ್ಟನ್ನು ತಪ್ಪದೆ ಮಾಡಿದರೆ ಮೊದಲ ವಾರ ದಾಟುತ್ತೀರಿ. ನಮ್ಮವರಿಗೆ ಕಷ್ಟವಾಗುವುದು ಕೂಗುವುದೇ, ಹಿರಿಯರ ಮುಂದೆ ದನಿ ತಗ್ಗಿಸಿ ಅಭ್ಯಾಸ. ಅಲ್ಲಿ ದನಿ ತಗ್ಗಿಸಿದರೆ ಯಾರದೋ ಕೈ ಸುಡುತ್ತದೆ.

ಅಲರ್ಜಿಯ ವಿಷಯದಲ್ಲಿ ಮಾತ್ರ ಸದರ ಬೇಡ. ಪ್ರಾಣಿಜನ್ಯವಾದುದೇನೂ ಇಲ್ಲದ ಊಟ ಎಲ್ಲರಿಗೂ ನಿರಪಾಯ ಎಂದು ಭಾವಿಸುವವರಿದ್ದಾರೆ. ವಾಸ್ತವದಲ್ಲಿ ಇಂಥ ಅಡುಗೆಮನೆಯಲ್ಲಿ ಕೆನೆಯ ಬದಲು ಗೋಡಂಬಿ, ಮಾಂಸದ ಬದಲು ಗೋಧಿಯ ಅಂಟು, ಎಲ್ಲೆಡೆ ಸೋಯಾ ಮತ್ತು ಎಳ್ಳು ಇರುತ್ತವೆ. ಐರೋಪ್ಯ ಒಕ್ಕೂಟದ ಕಾನೂನು ಗ್ರಾಹಕರಿಗೆ ತಿಳಿಸಲೇಬೇಕೆಂದು ಗುರುತಿಸಿರುವ 14 ಅಲರ್ಜಿಕಾರಕಗಳಲ್ಲಿ ಈ ನಾಲ್ಕೂ ಸೇರಿವೆ. ಗೋಡಂಬಿ ರುಬ್ಬಿದ ಜಾರನ್ನು ಸರಿಯಾಗಿ ತೊಳೆಯದೆ ಮುಂದಿನವರಿಗೆ ಕೊಟ್ಟರೆ ಒಬ್ಬ ಅತಿಥಿ ಆಸ್ಪತ್ರೆ ಸೇರಬಹುದು.

ಇನ್ನು ಅಡುಗೆಮನೆಯಾಚೆಗಿನ ಬದುಕು. ದಿನವಿಡೀ ನಿಂತೇ ಇರಬೇಕಾದ್ದರಿಂದ, ದುಬಾರಿ ಚಾಕುಗಳ ಸೆಟ್ಟಿಗೆ ಎತ್ತಿಟ್ಟ ಹಣದಲ್ಲಿ ಒಂದೇ ಒಂದು ಒಳ್ಳೆಯ ಚಾಕು ಕೊಂಡು ಮಿಕ್ಕದ್ದನ್ನು ಜಾರದ ಅಟ್ಟೆಯಿರುವ ಬೂಟಿಗೆ ಹಾಕಿ. ಊರೆಲ್ಲ ರಜೆಯಲ್ಲಿರುವ ಶನಿವಾರ ನಿಮಗೆ ಅತಿ ಹೆಚ್ಚು ಕೆಲಸವಿರುತ್ತದೆ, ನಿಮ್ಮ ರಜೆಯ ಸೋಮವಾರ ಪರಿಚಿತರೆಲ್ಲ ಕಚೇರಿಯಲ್ಲಿರುತ್ತಾರೆ. ಒಂಟಿತನ ಕಾಡುವುದು ಹೆಚ್ಚಾಗಿ ಆ ದಿನವೇ, ಆದ್ದರಿಂದ ಅದೇ ರಜೆಯಿರುವ ಸಹೋದ್ಯೋಗಿಗಳೊಡನೆ ಬೇಗ ಸ್ನೇಹ ಬೆಳೆಸಿಕೊಳ್ಳಿ. ದೂರದಲ್ಲಿ ಅಗ್ಗದ ಕೋಣೆ ಸಿಕ್ಕಿತೆಂದು ಹಿಗ್ಗಬೇಡಿ. ಒಲೆ, ನೆಲ ಎಲ್ಲ ಉಜ್ಜಿ ಹೊರಬೀಳುವಷ್ಟರಲ್ಲಿ ನಡುರಾತ್ರಿ ಕಳೆದಿರುತ್ತದೆ, ಆ ಹೊತ್ತಿನ ಟ್ಯಾಕ್ಸಿ ಖರ್ಚು ಕೋಣೆಯ ಬಾಡಿಗೆಯಲ್ಲಿ ಉಳಿಸಿದ್ದನ್ನೆಲ್ಲ ನುಂಗಿಬಿಡುತ್ತದೆ. ರೆಸ್ಟೋರೆಂಟಿನಿಂದ ಆ ಕಡೆಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿಕೊಂಡ ಮೇಲೆಯೇ ಬಾಡಿಗೆ ಕರಾರಿಗೆ ಸಹಿ ಹಾಕಿ.