ಆನೆ ದಾರಿಗೆ ಕಂಪನಿ ದುಡ್ಡು

ಪ್ರಶ್ನೆ: ನಮ್ಮ ಕಂಪನಿ ಪ್ರತಿ ಜೂನ್‌ನಲ್ಲಿ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಹಣದಿಂದ ಗಿಡ ನೆಡಿಸುತ್ತದೆ. ಈ ಸಲ ಆ ಹಣವನ್ನು ಆನೆ ಕಾರಿಡಾರ್‌ಗೆ, ಅಂದರೆ ಆನೆಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ದಾಟುವ ದಾರಿಗೆ, ಕೊಡೋಣ ಅಂದರೆ ಮ್ಯಾನೇಜರ್ 'ಅದು ಅರಣ್ಯ ಇಲಾಖೆ ಕೆಲಸ' ಅಂತಾರೆ. ಕೊಳ್ಳೇಗಾಲದ ಕಡೆ ಇರುವ ನಮ್ಮ ನೆಂಟರು 'ಬೆಳೆ ತಿನ್ನೋ ಆನೆಗೆ ದಾರಿ ಬೇರೆ ಬೇಕಾ' ಅಂತ ಬೈತಾರೆ. ಇಬ್ಬರನ್ನೂ ಒಪ್ಪಿಸೋದು ಹೇಗೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ನಿಮ್ಮ ನೆಂಟರ ಮಾತು. ಅವರ ಸಿಟ್ಟು ನ್ಯಾಯವಾದದ್ದೇ. ರಾಗಿ ಕೊಯ್ಲಿಗೆ ಬಂದಾಗ ಕಾಡಂಚಿನ ರೈತ ಚಳಿಯಲ್ಲಿ ಅಟ್ಟಣೆ ಮೇಲೆ ಕೂತು, ಟಾರ್ಚ್ ಬಿಡುತ್ತಾ, ತಗಡು ಬಡಿಯುತ್ತಾ ಬೆಳಗಿನವರೆಗೂ ಹೊಲ ಕಾಯುತ್ತಾನೆ. ಅವನಿಗೆ ಹೋಗಿ 'ಆನೆ ಉಳಿಸಿ' ಅಂತ ಭಾಷಣ ಮಾಡಿದರೆ ಯಾರು ಕೇಳುತ್ತಾರೆ? ಕಾರಿಡಾರ್ ಪಕ್ಕದ ಹೊಲಗಳಿಗೆ ಸೋಲಾರ್ ಬೇಲಿ ಹಾಕಿಸಿ, ಅದರ ಬ್ಯಾಟರಿ ನೋಡಿಕೊಳ್ಳೋಕೆ, ತಂತಿಗೆ ತಾಗುವ ಹುಲ್ಲು ಸವರೋಕೆ ಊರಿನ ಹುಡುಗರಿಗೇ ಸಂಬಳ ಕೊಡಿ, ಬೆಳೆ ಪರಿಹಾರದ ಅರ್ಜಿ ತುಂಬಿಸಿಕೊಡಿ. ಇಲ್ಲಿಂದ ಶುರು ಮಾಡಿದರೆ ಮಾತು ಮುಂದುವರಿಯುತ್ತದೆ. ಬೇಲಿ ಮಾತ್ರ ಹೊಲದ ಸುತ್ತ ಇರಲಿ, ಆನೆ ದಾಟುವ ಜಾಗಕ್ಕೆ ಅಡ್ಡ ಬೇಡ. ದಾರಿ ಮುಚ್ಚಿದರೆ ಅದು ಪಕ್ಕದವರ ಹೊಲಕ್ಕೆ ನುಗ್ಗುತ್ತದೆ, ಅಷ್ಟೇ.

ಇನ್ನು ಮ್ಯಾನೇಜರ್. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ 2% ಹಣವನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಯಾವ ಕೆಲಸಕ್ಕೆ ಖರ್ಚು ಮಾಡಬಹುದು ಅನ್ನೋ ಕಾಯ್ದೆಯ ಪಟ್ಟಿಯಲ್ಲಿ ಸಸ್ಯ, ಪ್ರಾಣಿಗಳ ರಕ್ಷಣೆಯೂ ಇದೆ. ಕಾರಿಡಾರ್ ಉಳಿಸೋಕೆ ಈ ಹಣದಲ್ಲಿ ಜಮೀನು ಕೊಂಡರೆ ಅದು ಕಂಪನಿ ಹೆಸರಲ್ಲಿ ಇರುವಂತಿಲ್ಲ, ನೋಂದಾಯಿತ ಟ್ರಸ್ಟಿಗೋ ಸರ್ಕಾರಕ್ಕೋ ಹೋಗಬೇಕು. ಆನೆ ದಾರಿಗಾಗಿ ಜಮೀನು ಕೊಂಡದ್ದಕ್ಕೆ ನಿಮ್ಮ ನೆಂಟರ ಕಡೆಯೇ ಒಂದು ಒಳ್ಳೆ ಉದಾಹರಣೆ ಇದೆ. ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಆಚೆ ಕೊಳ್ಳೇಗಾಲದ ಕಾಡಿಗೆ ಜೋಡಿಸುವ ಎಡೆಯಾರಹಳ್ಳಿ-ದೊಡ್ಡಸಂಪಿಗೆ ಕಾರಿಡಾರ್‌ನಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆ ಸುಮಾರು 25 ಎಕರೆಯನ್ನು ಮಾರಲು ಒಪ್ಪಿದ ರೈತರಿಂದ ಕೊಂಡು ಅರಣ್ಯ ಇಲಾಖೆಗೆ ಕೊಟ್ಟಿತು. ಬರೀ 25 ಎಕರೆ! ನೆಟ್ಟ ಮೇಲೆ ನೀರು ಹಾಕೋರಿಲ್ಲದೆ ಒಣಗುವ ಸಾವಿರ ಸಸಿಗಿಂತ ಇದು ಎಷ್ಟೋ ಮೇಲು, ಅಲ್ವಾ? ಒತ್ತಾಯ ಮಾತ್ರ ಯಾರಿಗೂ ಬೇಡ, ಬೆಲೆ ಸರಿಯಾಗಿರಲಿ.

ಹಣ ಕೊಡದೆಯೂ ಕಂಪನಿ ಮಾಡಬಹುದಾದ ಕೆಲಸ ಇದೆ. ಕಾಡುಪ್ರಾಣಿಗಳು ವಾಹನಕ್ಕೆ ಸಿಗದಿರಲಿ ಅಂತ ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಷೇಧ ಇದೆ. ಅದನ್ನು ತೆಗೆಸಬೇಕು ಅನ್ನೋ ಒತ್ತಡ ಆಗಾಗ ಏಳುತ್ತಲೇ ಇರುತ್ತದೆ. ನಮ್ಮ ಸರಕು ಹಗಲಲ್ಲೇ ಹೋಗುತ್ತದೆ, ನಿಷೇಧ ಇರಲಿ ಅಂತ ನಿಮ್ಮ ಕಂಪನಿ ಬಹಿರಂಗವಾಗಿ ಹೇಳಲಿ. ನೀಲಗಿರಿಯ ಸೀಗೂರು ಕಾರಿಡಾರ್‌ನ ರೆಸಾರ್ಟ್‌ಗಳ ಬಗ್ಗೆ ಸುಪ್ರೀಂ ಕೋರ್ಟ್ 2020ರಲ್ಲಿ ಆನೆಗಳ ಪರವಾಗಿ ತೀರ್ಪು ಕೊಟ್ಟಿದೆ. ಮುಂದಿನ ಟೀಮ್ ಔಟಿಂಗ್‌ಗೆ ಬುಕ್ ಮಾಡುವ ಮುಂಚೆ ಆ ರೆಸಾರ್ಟ್ ಆನೆ ದಾರಿಯಲ್ಲಿದೆಯಾ ಅಂತ ಅಲ್ಲಿನ ವಲಯ ಅರಣ್ಯಾಧಿಕಾರಿ ಕಚೇರಿಗೆ ಒಂದು ಫೋನ್ ಮಾಡಿ ಕೇಳಿ. ಇದಕ್ಕೆ ಮ್ಯಾನೇಜರ್ ಒಪ್ಪಿಗೆಯೂ ಬೇಕಿಲ್ಲ.